ನುಣ್ಣಪ್ಪನ ಚೌಕಗಳು

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅವನ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿಹೋದ ಮುಖ ಎಂಥದೇ ಇರಲಿ, ಇಳಿದು ಬರುವಾಗ ಕೈಲಿರುವ ಲಕೋಟೆಯೊಳಗೆ ಅದು ಸೋಪಿನ ಬಿಲ್ಲೆಯ ಹಾಗೆ ನುಣ್ಣಗಾಗಿರುತ್ತಿತ್ತು. ಹಾಗಾಗಿ ಬೀದಿಯವರು ಅವನನ್ನು ನುಣ್ಣಪ್ಪ ಎಂದರು. ಮೊದಮೊದಲು ಅವನಿಗೆ ಸಿಟ್ಟು ಬಂತು. ಆಮೇಲೆ, ಇದೂ ಒಂದು ಪದವಿಯೇ, ಅದೂ ಪರೀಕ್ಷೆ ಬರೆಯದೆ ಸಿಕ್ಕಿದ್ದು ಎಂದು ಸಮಾಧಾನ ಮಾಡಿಕೊಂಡ.

ಮೀಸೆ ಮೂಡುವ ಮೊದಲೇ ಡಾರ್ಕ್‌ರೂಮು ಸೇರಿದವನು ಅವನು. ಆಗ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚುವ ಕೆಲಸ. ಉಸಿರು ಬಿಗಿಹಿಡಿದು ಕೂತರೆ ಒಂದು ಮದುವೆ ಹೆಣ್ಣಿನ ಕೆನ್ನೆ ಮುಗಿಯುವಷ್ಟರಲ್ಲಿ ಇವನ ಮುಖವೇ ನೀಲಿಗಟ್ಟುತ್ತಿತ್ತು. ಕಂಪ್ಯೂಟರ್ ಬಂದಾಗ ಫೋಟೋ ತಿದ್ದುವ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡ. ಕಲಿಯಲು ಒಂದೂವರೆ ವರ್ಷ ಹಿಡಿಯಿತು. ಆಮೇಲೆ ಹದಿನಾಲ್ಕು ವರ್ಷ ಅದರ ಹೊಸ ಆವೃತ್ತಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಕಟ್ಟಿಕೊಂಡವಳನ್ನ ವರ್ಷವರ್ಷ ಬದಲಾಯಿಸೋಕಾಗುತ್ತಾ?" ಎಂದು ಕೇಳುತ್ತಿದ್ದ.

"ಅವಳನ್ನೂ ಒಂದು ಮಾತು ಕೇಳಬೇಕಿತ್ತು ಕಣ್ರೀ," ಎಂದು ಒಳಗಿನಿಂದ ಹೆಂಡತಿಯ ದನಿ ಬರುತ್ತಿತ್ತು.

ಅವನಿಗೆ ಎರಡು ಸಿದ್ಧಾಂತಗಳಿದ್ದವು. ಮೊದಲನೆಯದು: ಫೋಟೋ ಸುಳ್ಳು ಹೇಳಬಾರದು, ಸ್ವಲ್ಪ ಬಾಯಿ ಮುಚ್ಚಿಕೊಂಡಿರಬೇಕು, ಅಷ್ಟೆ. ಎರಡನೆಯದನ್ನು ಎಲ್ಲ ಗಿರಾಕಿಗಳಿಗೂ ಕುರ್ಚಿಯಲ್ಲಿ ಕೂರಿಸುವಾಗಲೇ ಹೇಳುತ್ತಿದ್ದ: "ಇಲ್ಲಿ ಬಿಟ್ಟುಹೋದ ಗದ್ದ ಇಲ್ಲೇ ಇರುತ್ತೆ. ಈ ಬಾಗಿಲು ದಾಟಲ್ಲ." ಅವನ ಅಂಗಡಿ ನಡೆಯುತ್ತಿದ್ದುದೇ ಈ ಮಾತಿನ ಮೇಲೆ.

ಅವನು ತಿದ್ದುವ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೂಲ ಫೋಟೋದ ಮೇಲೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿದಂತೆ ಪದರಗಳಿರುತ್ತವೆ. ಗದ್ದಕ್ಕೊಂದು, ಮೂಗಿಗೊಂದು, ಕಣ್ಣಿನ ಕೆಳಗಿನ ಚೀಲಕ್ಕೊಂದು. ಪರದೆಯ ಪಕ್ಕದಲ್ಲಿ ಆ ಪದರಗಳ ಪಟ್ಟಿ. ಒಂದೊಂದರ ಎದುರಿಗೂ ಪುಟ್ಟ ಕಣ್ಣಿನ ಚಿತ್ರ. ಕಣ್ಣು ಮುಚ್ಚಿದರೆ ಆ ತಿದ್ದುಪಡಿ ಮಾಯ, ತೆರೆದರೆ ಹಾಜರ್. ಪದರಕ್ಕೆ ಹೆಸರನ್ನೂ ಕೊಡಬಹುದು.

ಒಮ್ಮೆ ಒಬ್ಬ ಹೆಂಗಸು ತನ್ನ ಮೂಗನ್ನು ಹನ್ನೊಂದು ಸಲ ತಿದ್ದಿಸಿ, ಕೊನೆಗೆ ಮೊದಲಿನದೇ ಚೆನ್ನಾಗಿತ್ತು ಎಂದು ಹೇಳಿ ಹೋದಳು. ನುಣ್ಣಪ್ಪ ಹಲ್ಲು ಕಡಿದು ಆ ಪದರಕ್ಕೆ "ಮೂಗಲ್ಲ ಇದು, ಮೊಕದ್ದಮೆ" ಎಂದು ಕನ್ನಡದಲ್ಲಿ ಟೈಪ್ ಮಾಡಿದ. ಆ ಹಳೆಯ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರಗಳ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಮೂಡಿದವು. ನುಣ್ಣಪ್ಪನಿಗೆ ಸ್ವರ್ಗ ಸಿಕ್ಕಂತಾಯಿತು. ಬೈದ ನೆಮ್ಮದಿಯೂ ಆಯಿತು, ಬೈದ ಗುರುತೂ ಉಳಿಯಲಿಲ್ಲ! ಅಂದಿನಿಂದ ಅವನು ಎದುರಿಗೆ "ಆಗಲಿ ಮೇಡಂ, ಹಾಗೇ ಮಾಡೋಣ ಸಾರ್" ಎನ್ನುತ್ತ, ಬಾಯಿಗೆ ಬಂದದ್ದನ್ನೆಲ್ಲ ಚೌಕಗಳಿಗೆ ಹೇಳಿಕೊಳ್ಳತೊಡಗಿದ. ಅವನಷ್ಟು ಶಾಂತ ಸ್ವಭಾವದ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರೆಲ್ಲ ಹೊಗಳಿತು.

ಹೀಗಿರುವಾಗ ಕಾಲೇಜಿನ ಪ್ರಾಂಶುಪಾಲರು ನಿವೃತ್ತರಾಗುವ ದಿನ ಹತ್ತಿರ ಬಂತು. ಹಿಂದಿನ ಪ್ರಾಂಶುಪಾಲರೆಲ್ಲ ಸಭಾಂಗಣದ ಗೋಡೆಯ ಮೇಲೆ ಸಾಲಾಗಿ ಚೌಕಟ್ಟಿನೊಳಗೆ ಕೂತಿದ್ದರು. ಇವರದೂ ಶನಿವಾರ ಅಲ್ಲಿಗೇರಬೇಕಿತ್ತು, ಉಳಿದವರದಕ್ಕಿಂತ ಒಂದು ಗೇಣು ದೊಡ್ಡದಾಗಿ. ಪ್ರಾಂಶುಪಾಲರು ಮೂವತ್ತೈದು ವರ್ಷ ವ್ಯಾಕರಣ ಪಾಠ ಮಾಡಿದವರು. ಎದುರಿಗೆ ಯಾರಾದರೂ ಸೀನಿದರೂ ಅದರಲ್ಲಿ ಒತ್ತಕ್ಷರ ಸರಿಯಾಗಿದೆಯೇ ಎಂದು ಗಮನಿಸುವ ಜಾತಿ. ಎರಡು ತಿಂಗಳ ಕಾಲ, ನಾಲ್ಕು ದಿನಕ್ಕೊಮ್ಮೆ ಬಂದು, "ಇಲ್ಲಿ ಸ್ವಲ್ಪ ಗಾಂಭೀರ್ಯ ಸಾಲದು," "ಇಲ್ಲಿ ಸ್ವಲ್ಪ ಕೂದಲು ಸಾಲದು," ಎಂದು ಹೇಳಿ ಹೇಳಿ ಆ ಫೋಟೋವನ್ನು ಮೂವತ್ತೇಳು ಪದರಕ್ಕೆ ಏರಿಸಿದ್ದರು.

ಮೂವತ್ತೇಳನೆಯ ಪದರ ಮುಗಿದ ದಿನವೇ ನುಣ್ಣಪ್ಪನ ಕಂಪ್ಯೂಟರ್ ಒಳಗಿನಿಂದ ಟಕ್ ಟಕ್ ಎನ್ನತೊಡಗಿತು. ಅದರ ಆಪರೇಟಿಂಗ್ ಸಿಸ್ಟಮ್ಮೂ ಹಳೆಯದಾಗಿ, ಇನ್ನು ನಿನ್ನ ಕ್ಷೇಮಕ್ಕೆ ನಾವು ಹೊಣೆಯಲ್ಲ ಎಂದು ದಿನಾ ಬೆಳಿಗ್ಗೆ ನೋಟೀಸು ಕೊಡುತ್ತಿತ್ತು. ನುಣ್ಣಪ್ಪ ದಿನಾ ಅದನ್ನು ಓದದೆ ಮುಚ್ಚುತ್ತಿದ್ದ. ಟಕ್ ಟಕ್ಕನ್ನು ಮುಚ್ಚಲಾಗಲಿಲ್ಲ. ಅಕ್ಕನಿಗೆ ಫೋನು ಮಾಡಿದ.

ಅಕ್ಕ ಗ್ರಂಥಾಲಯದಲ್ಲಿ ಪುಸ್ತಕಗಳ ಕ್ಯಾಟಲಾಗ್ ಬರೆದು ನಿವೃತ್ತಳಾದವಳು. ಅರವತ್ತು ದಾಟಿದ ಮೇಲೆ ತನ್ನ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಹೊಸ ಸಿಸ್ಟಮ್ ತಾನೇ ಹಾಕಿಕೊಂಡು, ಅಂದಿನಿಂದ ಸಿಕ್ಕಸಿಕ್ಕವರ ಕಂಪ್ಯೂಟರಿನ ನಾಡಿ ಹಿಡಿಯುತ್ತಿದ್ದಳು. ಬಂದವಳೇ ಡಬ್ಬಕ್ಕೆ ಕಿವಿಯಿಟ್ಟು ಕೇಳಿದಳು.

"ಲೋ, ಇದರ ಡಿಸ್ಕ್ ಇವತ್ತೋ ನಾಳೆಯೋ. ಮೊದಲು ಸಾಮಾನೆಲ್ಲ ಹೊರಗೆ ಸಾಗಿಸೋಣ. ಆಮೇಲೆ ಹೊಸ ಡಿಸ್ಕು, ಹೊಸ ಸಿಸ್ಟಮ್ಮು."

"ನನ್ನ ಸಾಫ್ಟ್‌ವೇರ್?"

"ಬಂದರೆ ಕರ್ಕೊಂಡು ಹೋಗೋಣ."

"ಬರದಿದ್ದರೆ?"

"ಏನೋ, ಹೆಣ್ಣು ಒಪ್ಪಿಸೋ ಅಪ್ಪನ ಥರ ಕಣ್ಣಲ್ಲಿ ನೀರು ಹಾಕ್ತಿದ್ದೀಯಲ್ಲೋ! ಫೈಲ್ ಉಳೀಬೇಕೋ, ಸಾಫ್ಟ್‌ವೇರ್ ಉಳೀಬೇಕೋ?"

"ಶನಿವಾರ ಉಳೀಬೇಕು ಅಕ್ಕಾ," ಎಂದ ನುಣ್ಣಪ್ಪ. ಅಷ್ಟು ನಿಜವನ್ನು ಅವನು ಬಹಳ ದಿನದಿಂದ ಆಡಿರಲಿಲ್ಲ.

ಅಕ್ಕ ಫೈಲುಗಳನ್ನೆಲ್ಲ ಎರಡು ಡಿಸ್ಕಿಗೆ ನಕಲು ಮಾಡಿದಳು. ಮಾಡಿ ಸುಮ್ಮನಾಗಲಿಲ್ಲ, ಎಣಿಸಿದಳು. ಒಂದು ಕಡಿಮೆ ಬಂತು. ಮತ್ತೆ ಎಣಿಸಿದಳು. ಕೊನೆಗೆ ಆ ಒಂದು, ನುಣ್ಣಪ್ಪ ಕೆಲಸದ ನಡುವೆ ಆಡುತ್ತಿದ್ದ ಇಸ್ಪೀಟಿನ ಆಟವೆಂದು ಗೊತ್ತಾಯಿತು. "ಇದನ್ನ ಯಾವ ವಿಷಯದ ಕೆಳಗೆ ಇಡಲೋ?" ಎಂದಳು. ನುಣ್ಣಪ್ಪ ಗೋಡೆ ನೋಡಿದ.

ಗುರುವಾರದ ಹೊತ್ತಿಗೆ ಹೊಸ ಸಿಸ್ಟಮ್ ಬಂದು ಕೂತಿತು. ಹಳೆಯ ಸಾಫ್ಟ್‌ವೇರನ್ನು ಉಪಾಯ ಮಾಡಿ ಹೊಸದರೊಳಗೆ ಕೂರಿಸಿದ್ದಾಯಿತು. ಬಂದದ್ದೇನೋ ಬಂತು, ಆದರೆ ಹೊಸ ಮನೆಯಲ್ಲಿ ಮುನಿಸಿಕೊಂಡ ಅಜ್ಜಿಯ ಹಾಗೆ ಒಂದು ಮಾತಿಗೂ ಓಗೊಡದೆ ಕೂತುಬಿಟ್ಟಿತು. ನುಣ್ಣಪ್ಪನ ಡಿಜಿಟಲ್ ಪೆನ್ನು ಅದರ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಅಕ್ಕ ಅದನ್ನು ಬದಿಗಿಟ್ಟು, ಹೊಸ ಸಿಸ್ಟಮ್ಮಿನ ಜೊತೆಗೇ ಬಂದ ಫೋಟೋ ತಿದ್ದುವ ಪ್ರೋಗ್ರಾಂ ತೆರೆದಳು. "ಇದು ನಿನ್ನ ಹಳೇ ಫೈಲುಗಳನ್ನೂ ಓದುತ್ತೆ, ನೋಡು," ಎಂದು ಪ್ರಾಂಶುಪಾಲರ ಫೈಲಿನ ಮೇಲೆ ಒತ್ತಿದಳು.

ಗಾಂಭೀರ್ಯ, ಕೂದಲು, ಎಲ್ಲವೂ ಸಮೇತ ಪ್ರಾಂಶುಪಾಲರು ಪರದೆಯ ತುಂಬ ಎದ್ದು ನಿಂತರು. ಮೂವತ್ತೇಳು ಪದರಗಳಲ್ಲಿ ಒಂದೂ ಚದುರಿರಲಿಲ್ಲ. ನುಣ್ಣಪ್ಪ ಕುರ್ಚಿಯ ಮೇಲೇ ಒಂದು ಸಣ್ಣ ಕುಣಿತ ಕುಣಿದ.

"ಲೋ," ಎಂದಳು ಅಕ್ಕ ಮೆಲ್ಲಗೆ. "ಇದೇನೋ ಇದು, ‘ಹುಬ್ಬಲ್ಲ, ಪೊದೆ’?"

ನುಣ್ಣಪ್ಪ ಪಟ್ಟಿಯ ಕಡೆ ತಿರುಗಿದ. ಅವನ ಚೌಕಗಳು ಒಂದೂ ಇರಲಿಲ್ಲ. ಹೊಸ ಸಿಸ್ಟಮ್ಮಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಕೊಂಬು, ದೀರ್ಘ, ಒತ್ತು ಒಂದೂ ಬಿಡದೆ ಮೂವತ್ತೇಳು ಸಾಲೂ ಫಳಫಳ ಹೊಳೆಯುತ್ತಿದ್ದವು. ಸಾಲದ್ದಕ್ಕೆ ಅಕ್ಕ ತನ್ನ ಕನ್ನಡಕಕ್ಕೆ ಅನುಕೂಲವಾಗಲಿ ಎಂದು ಅಕ್ಷರವನ್ನೆಲ್ಲ ಒಂದೂವರೆ ಪಟ್ಟು ದಪ್ಪ ಮಾಡಿಟ್ಟಿದ್ದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು.

"ಮುಚ್ಚು ಅಕ್ಕಾ, ಮುಚ್ಚು!" ಎನ್ನುತ್ತ ನುಣ್ಣಪ್ಪ ತಾನೇ ಕೀಬೋರ್ಡಿಗೆ ಕೈಹಾಕಿ, ಹದಿನಾಲ್ಕು ವರ್ಷದಿಂದ ಪಟ್ಟಿ ಮುಚ್ಚಲು ಒತ್ತುತ್ತಿದ್ದ ಕೀಲಿಯನ್ನು ಒತ್ತಿದ. ಹೊಸ ಪ್ರೋಗ್ರಾಂ ಬಹಳ ವಿನಯದಿಂದ ಪಟ್ಟಿಯನ್ನು ಇನ್ನೂ ಅರ್ಧ ಅಡಿ ಅಗಲ ಮಾಡಿತು.

"ಏನ್ರೀ, ಮುಗೀತಾ ನಮ್ಮ ಚಿತ್ರ?" ಎಂದು ಪ್ರಾಂಶುಪಾಲರು ಬಂದೇಬಿಟ್ಟರು. ಪರದೆಯ ಮೇಲಿನ ತಮ್ಮ ಮುಖಕ್ಕೆ ತಲೆಬಾಗಿ ಮೆಚ್ಚುಗೆ ಸೂಚಿಸಿದರು. ಆಮೇಲೆ ಅವರ ಕಣ್ಣು ಪಕ್ಕಕ್ಕೆ ಸರಿಯಿತು. ಅಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದವರು, ಎದುರಿಗೆ ಬರೆದದ್ದಿದ್ದರೆ ಓದದೆ ಬಿಡುವವರಲ್ಲ. ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಕನ್ನಡಕ ತೆಗೆದರು. ಕೆಂಪು ಶಾಯಿಯ ಪೆನ್ನನ್ನೂ ತೆಗೆದು, ಪರದೆಯ ಮೇಲೆ ಬರೆಯಲಾಗದೆಂದು ನೆನಪಾಗಿ ಮತ್ತೆ ಜೇಬಿಗಿಟ್ಟರು.

"‘ಗದ್ದ ಎರಡು, ಮೂರನೆಯದು ದಾರಿಯಲ್ಲಿದೆ’," ಎಂದು ತರಗತಿಯಲ್ಲಿ ಓದುವ ಗತ್ತಿನಲ್ಲೇ ಓದಿದರು. "ಹೂಂ. ‘ಹುಬ್ಬಲ್ಲ, ಪೊದೆ’. ಇದು ರೂಪಕ ಅಲ್ಲ, ಇರೋದನ್ನೇ ಅಲ್ಲಗಳೆಯೋ ಅಪಹ್ನುತಿ. ಪರವಾಗಿಲ್ಲ. ‘ಘರ್ವ ಅರ್ಧ ಕಡಿಮೆ ಮಾಡಿದ್ದು’. ಏನ್ರೀ ಇದು, ಘರ್ವ? ಗರ್ವಕ್ಕೆ ಮಹಾಪ್ರಾಣ ಎಲ್ಲಿಂದ ಬಂತು?"

"ದೊಡ್ಡದಿತ್ತೇನೋ, ಅದಕ್ಕೆ ಹಾಕಿರಬೇಕು," ಎಂದಳು ಅಕ್ಕ ಕಿಟಕಿಯ ಕಡೆ ತಿರುಗಿ.

ಶನಿವಾರವೂ ಹೋಯಿತು, ಇಷ್ಟು ವರ್ಷ ಕಾಪಾಡಿದ ಅಂಗಡಿಯ ಮಾತೂ ಹೋಯಿತು ಎಂದುಕೊಂಡ ನುಣ್ಣಪ್ಪ. ಇನ್ನು ಈ ಬೀದಿಯಲ್ಲಿ ಯಾವ ಗದ್ದವೂ ಅವನನ್ನು ನಂಬುವಂತಿರಲಿಲ್ಲ. ಆದರೆ ಕೆಟ್ಟದ್ದು ಇನ್ನೂ ಕೆಳಗಿನ ಸಾಲಿನಲ್ಲಿತ್ತು.

"‘ಉಪಪ್ರಾಂಶುಪಾಲರ ಕೂದಲು’," ಎಂದು ಓದಿ ಪ್ರಾಂಶುಪಾಲರು ಅಲ್ಲಿಗೇ ನಿಲ್ಲಿಸಿಬಿಟ್ಟರು.

ಹದಿನೆಂಟು ವರ್ಷ ಆ ಉಪಪ್ರಾಂಶುಪಾಲರಿಗೂ ಇವರಿಗೂ ಮಾತು ನಡೆದದ್ದೆಲ್ಲ ಕಚೇರಿ ಜ್ಞಾಪನಗಳಲ್ಲಿ. ಅವರ ತಲೆಯ ಮೇಲಿನ ಅಲೆಅಲೆಯಾದ ಕಪ್ಪು ಕೂದಲು ಇವರ ಬದುಕಿನ ದೊಡ್ಡ ಬೇನೆ.

"ಷಷ್ಠೀ ವಿಭಕ್ತಿ," ಎಂದರು ಪ್ರಾಂಶುಪಾಲರು ನಿಧಾನವಾಗಿ. "ಷಷ್ಠೀ ಅಂದರೆ ಸಂಬಂಧ. ಯಾರ ಕೂದಲಿಗೆ ಯಾರ ಸಂಬಂಧ, ಸ್ವಲ್ಪ ಬಿಡಿಸಿ ಹೇಳ್ರಿ."

"ಸಾರ್... ನೀವೇ ಅಂದ್ರಿ, ಕೂದಲು ಸಾಲದು ಅಂತ. ಕಾಲೇಜಿನವರೆಲ್ಲರ ಫೋಟೋ ಒಂದೇ ದಿನ ತೆಗೆದಿದ್ದೆ. ಬೆಳಕು ಹೊಂದೋದು ಅವರೊಬ್ಬರದೇ ಇತ್ತು. ಅದಕ್ಕೇ ಅಲ್ಲಿಂದ ಎತ್ತಿ..."

ಪ್ರಾಂಶುಪಾಲರು ಮೌಸನ್ನು ತಾವೇ ತೆಗೆದುಕೊಂಡು ಆ ಪದರದ ಕಣ್ಣು ಮುಚ್ಚಿದರು. ಪರದೆಯ ಮೇಲೆ ಅವರ ತಲೆ ಫಕ್ಕನೆ ಬೆಳಗಿತು. ತೆರೆದರು. ಕೂದಲು ಬಂತು. ಮುಚ್ಚಿದರು. ತೆರೆದರು. ಹೀಗೆ ಎಷ್ಟು ಸಲವೋ. ಎದುರಾಳಿಯ ಕೂದಲನ್ನು ಒಂದು ಬೆರಳಿನಿಂದ ಬೋಳಿಸುವ, ಮತ್ತೆ ಬೆಳೆಸುವ ಅಧಿಕಾರ ಅವರಿಗೆ ಇಡೀ ಸೇವಾವಧಿಯಲ್ಲಿ ಸಿಕ್ಕಿರಲಿಲ್ಲ.

ಕೊನೆಗೆ ಕಣ್ಣು ತೆರೆದೇ ಬಿಟ್ಟು ಹಿಂದಕ್ಕೊರಗಿದರು.

"ಅವನ ತಲೆಗಿಂತ ನನ್ನ ತಲೆಗೇ ಚೆನ್ನಾಗಿ ಒಪ್ಪುತ್ತೆ. ಅಲ್ವೇನ್ರೀ?"

"ನೂರಕ್ಕೆ ನೂರು ಸಾರ್!"

"ಹದಿನೆಂಟು ವರ್ಷ ನನ್ನ ಕೈಕೆಳಗಿದ್ದ. ಇಷ್ಟಾದರೂ ಕೊಡಲಿ. ಆದರೆ ಹೆಸರು ತಪ್ಪಾಗಿದೆ. ಒಮ್ಮೆ ನನ್ನ ತಲೆಗೆ ಬಂದ ಮೇಲೆ ಷಷ್ಠೀ ಬಿದ್ದುಹೋಯ್ತು. ಬರೀ ‘ಕೂದಲು’ ಅಂತ ಬರೀರಿ. ಆ ಘರ್ವವನ್ನೂ ತಿದ್ದಿ."

"ಅರ್ಧ ಇರೋದನ್ನ ಪೂರ್ತಿ ತೆಗೀಲಾ ಸಾರ್?"

"ಕಾಗುಣಿತ ತಿದ್ದಿ ಅಂದೆ!"

ಬಾಗಿಲವರೆಗೆ ಹೋದವರು ತಿರುಗಿ ನಿಂತು ದನಿ ತಗ್ಗಿಸಿದರು. "ಅಂದ ಹಾಗೆ, ಅವನ ಫೈಲೂ ಇರಬೇಕಲ್ಲ ನಿಮ್ಮ ಹತ್ತಿರ? ಅದರಲ್ಲಿ ಎಷ್ಟು ಪದರ? ಒಂದು ಸಲ ತೆರೀರಿ, ವ್ಯಾಕರಣ ನೋಡಿಬಿಡ್ತೀನಿ."

ನುಣ್ಣಪ್ಪನ ಕೈ ಮೌಸಿನ ಮೇಲಿತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು, ಇಷ್ಟು ಹೊತ್ತು ಓದಿದ್ದನ್ನೆಲ್ಲ ಪ್ರಾಂಶುಪಾಲರು ನಗುನಗುತ್ತ ಮರೆತುಬಿಡುತ್ತಿದ್ದರು. ಅವನು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅದಾಗಲ್ಲ ಸಾರ್. ಇಲ್ಲಿ ಬಿಟ್ಟದ್ದು ಇಲ್ಲೇ."

"ನಾನೇ ಕೇಳಿದರೂ?"

"ನೀವೇ ಕೇಳಿದರೂ. ನಾಳೆ ಅವರು ಬಂದು ನಿಮ್ಮದನ್ನ ಕೇಳಿದರೂ ಅಷ್ಟೇ."

ಪ್ರಾಂಶುಪಾಲರು ಅವನನ್ನು ಕಾಪಿ ಹೊಡೆಯದ ಹುಡುಗನನ್ನು ನೋಡುವಂತೆ ಬೆರಗಿನಿಂದ ನೋಡಿದರು. "ಹಾಗಿದ್ದರೆ ಶನಿವಾರ ಹತ್ತು ಗಂಟೆಗೆ ತಂದುಬಿಡಿ," ಎಂದು ಇಳಿದುಹೋದರು.

ಬೂಟಿನ ಸದ್ದು ಬೀದಿ ಮುಟ್ಟಿದ ಮೇಲೆ ಅಕ್ಕ ಕೆಮ್ಮಿದಳು. "ಬೆಳಿಗ್ಗೆ ಎಲ್ಲಾ ಸರಿಯಾಗಿ ಬಂದಿದೆಯಾ ಅಂತ ಮೊದಲು ಉಪಪ್ರಾಂಶುಪಾಲರ ಫೈಲನ್ನೇ ತೆರೆದು ನೋಡಿದ್ದೆ ಕಣೋ. ಅದರಲ್ಲೊಂದು ಪದರ ಇತ್ತು. ‘ವಿಗ್ಗಿನ ಅಂಚು ಮುಚ್ಚಿದ್ದು’ ಅಂತ."

"ಅಕ್ಕಾ!"

"ನಾನೇನೂ ಹೇಳಲಿಲ್ಲಪ್ಪ. ಓದಿದೆ, ಅಷ್ಟೆ."

ಶನಿವಾರ ಸಭಾಂಗಣ ತುಂಬಿತ್ತು. ಸಮಾರಂಭದ ಫೋಟೋ ತೆಗೆಯಲು ನುಣ್ಣಪ್ಪ ಕ್ಯಾಮರಾ ಹಿಡಿದು ಮುಂದಿನ ಸಾಲಿನ ಪಕ್ಕದಲ್ಲಿ ನಿಂತಿದ್ದ. ಹೊಸ ಸಿಸ್ಟಮ್ಮಿನ ಮೊದಲ ದೊಡ್ಡ ಪ್ರಿಂಟು ನೋಡಲೇಬೇಕೆಂದು ಅಕ್ಕನೂ ಬಂದಿದ್ದಳು. ಚಿತ್ರದ ಮುಂದಿನ ಪರದೆ ಸರಿಸುವ ಗೌರವ, ಮುಂದೆ ಆ ಕುರ್ಚಿಯಲ್ಲಿ ಕೂರಲಿರುವ ಉಪಪ್ರಾಂಶುಪಾಲರಿಗೇ ಸಲ್ಲಬೇಕೆಂದು ಪ್ರಾಂಶುಪಾಲರು ಹಟ ಹಿಡಿದಿದ್ದರಂತೆ. ಅವರ ಔದಾರ್ಯ ಕಂಡು ಇಬ್ಬರು ಅಧ್ಯಾಪಕರು ಕಣ್ಣೊರೆಸಿಕೊಂಡರು.

ಉಪಪ್ರಾಂಶುಪಾಲರು ಹಗ್ಗ ಎಳೆದರು. ಪರದೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಉಪಪ್ರಾಂಶುಪಾಲರು ಮಾತ್ರ ತಟ್ಟಲಿಲ್ಲ. ಚಿತ್ರದ ಹಣೆಯ ಮೇಲೆ ಸುರುಳಿಯಾಗಿ ಇಳಿದಿದ್ದ ಆ ಒಂದು ಅಲೆಯನ್ನೇ ನೋಡುತ್ತ ನಿಂತರು. ಕನ್ನಡಿಯಲ್ಲಿ ದಿನಾ ಕಾಣುವ ಅಲೆ ಅದು. ಅವರ ಬಲಗೈ ತಾನೇ ತಾನಾಗಿ ಮೇಲೆದ್ದು, ತಮ್ಮದು ಇದೆಯೋ ಇಲ್ಲವೋ ಎಂದು ನೆತ್ತಿಯನ್ನು ಮೆಲ್ಲಗೆ ಮುಟ್ಟಿ ನೋಡಿತು.

ನುಣ್ಣಪ್ಪನ ಕ್ಯಾಮರಾ ಕ್ಲಿಕ್ ಎಂದಿತು.

"ಲೋ," ಎಂದಳು ಅಕ್ಕ ಕಿವಿಯ ಹತ್ತಿರ. "ಇದನ್ನ ಕ್ಯಾಟಲಾಗಿನಲ್ಲಿ ಏನಂತ ಬರೀಲೋ?"

"ಚೌಕ ಅಂತ ಬರಿ ಅಕ್ಕಾ," ಎಂದ ನುಣ್ಣಪ್ಪ, ಕ್ಯಾಮರಾದಿಂದ ಕಣ್ಣು ತೆಗೆಯದೆ. "ಬರೀ ಚೌಕ."