ಅರ್ನೆಸ್ಟೀನ್ ನೋಡದ ಪಾಸ್‌ಪೋರ್ಟ್

ಮಿಸ್ ಅರ್ನೆಸ್ಟೀನ್ ಯಾರ ಮಾತನ್ನೂ ಅರ್ಧಕ್ಕೆ ತಡೆಯುತ್ತಿರಲಿಲ್ಲ. ಅಮೆರಿಕದ ಷಾರ್ಲೆಟ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹತ್ತಿರದ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ಈ ಕಪ್ಪು ಮಹಿಳೆ ಗುರುವಾರ ಮಧ್ಯಾಹ್ನ ಏಳೆಂಟು ಹೆಂಗಸರನ್ನು ಕೂರಿಸಿಕೊಂಡು, ಅಡುಗೆಮನೆಯ ಟೈಮರ್ ತಿರುಗಿಸಿಡುತ್ತಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ. ಮಾತಾಡಬಹುದು, ಸುಮ್ಮನಿರಬಹುದು. ಮೊದಲ ಮೂರು ವಾರ ನಾನು ಟೈಮರನ್ನೇ ನೋಡುತ್ತ ಕೂತೆ.

ತೊಂಬತ್ತರ ದಶಕದ ಕೊನೆಯ ಮಾತು. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು ನಾನು. "ಬ್ಲ್ಯಾಕ್ಸ್ ಇರೋ ಕಡೆ ಬ್ಯಾಗ್ ಹುಷಾರಮ್ಮ" ಎಂದು ಕನ್ನಡದ ಆಂಟಿಯೊಬ್ಬರು ಎಚ್ಚರಿಸಿದ್ದರು. ಮೊದಲ ದಿನ ಅರ್ನೆಸ್ಟೀನ್ ಪಕ್ಕ ಬಂದು ಕೂತಾಗ ಬ್ಯಾಗನ್ನು ತೊಡೆಗೆ ಎಳೆದುಕೊಂಡೆ. ಅವರು ನೋಡಿದರು. ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟರು. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೆಣ್ಣಿನ ಬಿಡುಗಡೆಯ ಮಾತು ಬಂದರೆ ಅವರು ಹೇಳುತ್ತಿದ್ದದ್ದು ಹೀಗೆ: "ಬಿಳಿ ಹೆಂಗಸರು ಅಡುಗೆಮನೆ ಬಿಟ್ಟು ಹೊರಗೆ ಬಂದ್ರು, ಸಂತೋಷ. ಆ ಅಡುಗೆಮನೆ ಒಳಗೆ ಕೆಲಸಕ್ಕೆ ಹೋದವಳು ನನ್ನಮ್ಮ. ಅವಳೂ ಹೊರಗೆ ಬಂದಾಗ ಚಪ್ಪಾಳೆ ತಟ್ತೀನಿ."

ನಾಲ್ಕನೇ ವಾರ ಬಾಯಿಬಿಟ್ಟೆ. ನನಗೆ ಡ್ರೈವಿಂಗ್ ಲೈಸೆನ್ಸ್ ಬೇಕಿತ್ತು, ಅದಕ್ಕೆ ಪಾಸ್‌ಪೋರ್ಟ್ ಬೇಕಿತ್ತು. ನನ್ನ ಪಾಸ್‌ಪೋರ್ಟ್ ಗಂಡನ ಆಫೀಸಿನ ಡ್ರಾಯರಿನಲ್ಲಿತ್ತು. ಕೇಳಿದರೆ, "ನಿಂಗ್ಯಾಕೆ ಅದು? ಕಳ್ಕೊಂಡ್ರೆ ಎಂಬಸಿಗೆ ಅಲೆಯೋದ್ಯಾರು? ಎಲ್ಲಿಗ್ಹೋಗ್ಬೇಕು ಹೇಳು, ನಾನೇ ಡ್ರೈವ್ ಮಾಡ್ತೀನಿ" ಎನ್ನುತ್ತಿದ್ದರು. ಒಳ್ಳೆಯ ಮಾತಿನಲ್ಲೇ ಹೇಳುತ್ತಿದ್ದರು, ಅದಕ್ಕೇ ಜಗಳವಾಡಲೂ ಆಗುತ್ತಿರಲಿಲ್ಲ. ಜೋರು ಮಾಡಿದರೆ ಊರಿಗೆ ಕಳಿಸಿಬಿಟ್ಟಾರು ಎಂಬ ಭಯ ಬೇರೆ.

"ಕೇಳಿದೆಯಾ?" ಎನ್ನುತ್ತಿದ್ದರು ಅರ್ನೆಸ್ಟೀನ್, ಪ್ರತಿ ಗುರುವಾರ. ಮುಂದಿನ ವಾರ ಮತ್ತೆ ಕೇಳುತ್ತೇನೆ ಎನ್ನುತ್ತಿದ್ದೆ ನಾನು.

ಆಮೇಲೊಂದು ಗುರುವಾರ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳಲು ಅಟ್ಲಾಂಟಕ್ಕೆ ಹೋಗುತ್ತಿದ್ದೇನೆ, ಇವತ್ತೇ ಕೊನೆ ಎಂದರು ಅರ್ನೆಸ್ಟೀನ್. ಸಂತೋಷದಿಂದ ಹೋಗಲಿ ಎಂದು ನಾನು, "ಪಾಸ್‌ಪೋರ್ಟ್ ಸಿಕ್ಕಿತು, ಮನೆಯಲ್ಲಿದೆ" ಎಂದುಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರೊಬ್ಬರನ್ನು ಬಿಟ್ಟು.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ನನಗೆ ಬೇಜಾರಾಗಬಾರದು ಅಂತ ನೀನು ಸುಳ್ಳು ಹೇಳಿದೆ, ಮಗಳೇ. ಮನೆಯಲ್ಲೂ ಇದನ್ನೇ ಮಾಡ್ತಿದ್ದೀಯ."

ಸಂಜೆ ಗಂಡ ಶೂ ಬಿಚ್ಚುವ ಮೊದಲೇ, "ನಾಳೆ ನನ್ನ ಪಾಸ್‌ಪೋರ್ಟ್ ತನ್ನಿ" ಎಂದೆ.

"ಮತ್ತೆ ಅದೇನಾ? ಯಾಕೆ?"

"ನನ್ನದು, ಅದಕ್ಕೆ."

ಮೂರು ದಿನ ಮಾತು ಬಿಟ್ಟರು. ಸೋಮವಾರ ಅದನ್ನು ತಂದು ಊಟದ ಮೇಜಿನ ಮೇಲಿಟ್ಟರು.

ಮರುದಿನ ಅದನ್ನು ಹಿಡಿದುಕೊಂಡು ಅರ್ನೆಸ್ಟೀನ್ ವಿಳಾಸ ಕೇಳಲು ಲೈಬ್ರರಿಗೆ ಓಡಿದೆ. ಅವರ ಕುರ್ಚಿಯಲ್ಲಿ ಬೇರೊಬ್ಬಳಿದ್ದಳು. ವಿಳಾಸ ಕೊಡುವ ಹಾಗಿಲ್ಲ ಎಂದಳು. ಅರ್ನೆಸ್ಟೀನ್ ಪಾಲಿಗೆ ನಾನು ಇವತ್ತಿಗೂ ಸುಳ್ಳು ಹೇಳಿದವಳೇ.