ಕನ್ನಡಕದ ಅಂಚಿನ ದೀಪ

ತಮ್ಮನ ಮಗಳನ್ನು ನೋಡಲು ಬಜಪೆಯಿಂದ ಹುಡುಗನ ಕಡೆಯವರು ಬಂದ ದಿನ ಮನೆಯ ಉಸ್ತುವಾರಿ ನನ್ನದಾಗಿತ್ತು. ಆಸ್ಪತ್ರೆಯಲ್ಲಿ ಮುಖ್ಯ ದಾದಿಯಾಗಿ ದುಡಿದು ನಿವೃತ್ತಳಾದವಳು ನಾನು. ಕಂಕನಾಡಿಯ ಈ ಫ್ಲ್ಯಾಟಿನಲ್ಲೂ ಕೆಲಸಕ್ಕೊಂದು ಕ್ರಮ ಇರಬೇಕು ಎನ್ನುತ್ತೇನೆ. ಕುರ್ಚಿ, ತಟ್ಟೆ, ಚಹಾ, ಯಾರು ಯಾವಾಗ ಒಳಗಿನಿಂದ ಬರಬೇಕು, ಎಲ್ಲ ಮೊದಲೇ ಹೇಳಿಟ್ಟಿದ್ದೆ.

ಹುಡುಗಿ ಹಾಕಿದ್ದ ಶರತ್ತು ಒಂದೇ: ಯಾರೂ ಫೋಟೊ ತೆಗೆಯಬಾರದು. ಗೆಳತಿಯ ಮೆಹಂದಿಯಲ್ಲಿ ಅವಳು ಕುಣಿದದ್ದನ್ನು ಯಾರೋ ರೀಲ್ ಮಾಡಿ ಹಾಕಿದ್ದರು. ಅದು ಊರೆಲ್ಲ ಸುತ್ತಿತು. ಅದರ ಕೆಳಗೆ ಗುರುತಿಲ್ಲದವರು ಬರೆದದ್ದನ್ನು ಓದಿ ಅವಳು ವಾರಗಟ್ಟಲೆ ಕೆಲಸಕ್ಕೆ ಹೋಗಿರಲಿಲ್ಲ. ಹುಡುಗನ ತಾಯಿಗೆ ಇದನ್ನೆಲ್ಲ ಫೋನಿನಲ್ಲಿ ನಾನೇ ತಿಳಿಸಿದ್ದೆ. "ಅದಕ್ಕೆಂತ, ನಾವು ಹಾಗಿನವರಲ್ಲ" ಎಂದಿದ್ದರು.

ಬಂದವರು ಮೂವರು: ಹುಡುಗ, ಅವನ ತಾಯಿ, ಸೋದರಮಾವ. ಹುಡುಗನಿಗೆ ದುಬೈಯಲ್ಲಿ ಕೆಲಸ. ಮಾತು ಬೇಗನೆ ಅಲ್ಲಿನ ಅಂಗಡಿಗಳತ್ತ ಹೊರಳಿತು. ಮಡಚುವ ಫೋನು, ಎಣ್ಣೆಯಿಲ್ಲದೆ ಕರಿಯುವ ಪಾತ್ರೆ, ತಾನಾಗಿಯೇ ನೆಲ ಗುಡಿಸುವ ಯಂತ್ರ. ಹೋಟೆಲು ನಡೆಸುವ ತಮ್ಮನಿಗೆ ಇಂಥದ್ದೆಂದರೆ ಕಿವಿ ನೆಟ್ಟಗಾಗುತ್ತದೆ.

"ಆ ಗುಡಿಸುವುದು ಮೂಲೆಗೆಲ್ಲ ಹೋಗ್ತದಾ?"

"ಹೋಗ್ತದೆ ಅಂಕಲ್. ಮನೆಯ ಮ್ಯಾಪ್ ಮಾಡ್ಕೊಳ್ತದೆ."

"ನಮ್ಮದು ಮಂಚದಡಿಗೆ ಹೋಗಿ ಅಲ್ಲೇ ಮಲಗ್ತದೆ," ಎಂದರು ಸೋದರಮಾವ. "ಥೇಟ್ ಇವನ ಹಾಗೆ."

ಎಲ್ಲರೂ ನಗುತ್ತಿರುವಾಗ ಹುಡುಗಿ ಚಹಾದ ತಟ್ಟೆ ಹಿಡಿದು ಬಂದಳು. ಒರಗಿ ಕುಳಿತಿದ್ದ ಹುಡುಗ ನೆಟ್ಟಗಾಗಿ ಮುಖವನ್ನು ಅವಳ ಕಡೆ ತಿರುಗಿಸಿದ. ತಿರುಗಿಸಿದ ಮುಖ ಅಲ್ಲಾಡಲಿಲ್ಲ. ಆಗ ಕಂಡಿತು, ಅವನ ದಪ್ಪ ಕನ್ನಡಕದ ಅಂಚಿನಲ್ಲಿ ಎಳ್ಳಿನಷ್ಟು ಬಿಳಿ ಬೆಳಕು. ವಾರ್ಡಿನಲ್ಲಿ ಯಂತ್ರದ ದೀಪ ಹೊತ್ತಿಕೊಂಡರೆ ಕಾರಣ ತಿಳಿಯದೆ ಮುಂದೆ ಹೋದವಳಲ್ಲ ನಾನು.

"ನಿಮ್ಮ ಕನ್ನಡಕದಲ್ಲಿ ಲೈಟ್ ಉಂಟಲ್ಲ, ಎಂತಕ್ಕೆ ಅದು?"

"ಸ್ಮಾರ್ಟ್ ಗ್ಲಾಸ್ ಆಂಟಿ. ಹಾಡು ಕೇಳ್ಬಹುದು, ಕಾಲ್ ಮಾಡ್ಬಹುದು." ಅವನ ಕೈ ಕಿವಿಯ ಹತ್ತಿರ ಹೋಯಿತು.

"ಈಗ ಎಂತ ಮಾಡ್ತಾ ಉಂಟು?"

ಅವನು ಬಾಯಿ ತೆರೆಯುವ ಮೊದಲೇ ಕನ್ನಡಕದ ಕಡ್ಡಿಯಿಂದ ಸಣ್ಣ ಹೆಣ್ಣುಧ್ವನಿ ಕೇಳಿಸಿತು: "ಸ್ವಲ್ಪ ಎಡಕ್ಕೆ ತಿರುಗು ಮಾರಾಯ, ಮುಖ ಕಾಣುದಿಲ್ಲ."

"ಇವನ ಅಕ್ಕ," ಎಂದರು ತಾಯಿ. "ದುಬೈಯಿಂದ ಬರ್ಲಿಕ್ಕೆ ಆಗ್ಲಿಲ್ಲ, ಕನ್ನಡಕದ ಕ್ಯಾಮೆರಾದಲ್ಲಿ ಲೈವ್ ನೋಡ್ತಾ ಇದ್ದಾಳೆ. ಫೋಟೊ ಅಲ್ಲವಲ್ಲ ಇದು!" ಅವರು ಅದನ್ನು ನಿಜವಾಗಿಯೂ ನಂಬಿದ್ದರು.

ತಮ್ಮ ನನ್ನತ್ತ ನೋಡಿದ. ಈ ಸಂಬಂಧ ಅವನಿಗೆ ತುಂಬ ಹಿಡಿಸಿತ್ತು. "ಮನೆಯವರೇ ಅಲ್ವಾ ಅಕ್ಕ, ದೊಡ್ಡದು ಮಾಡ್ಬೇಡ."

ಹುಡುಗಿಯ ಕೈಯಿಂದ ತಟ್ಟೆಯನ್ನು ನಾನು ತೆಗೆದುಕೊಂಡೆ.

"ಯಾರೆಲ್ಲ ನೋಡ್ತಾ ಇದ್ದಾರೆ?" ಎಂದು ಅವಳು ಅವನನ್ನೇ ಕೇಳಿದಳು.

"ಅಕ್ಕ, ಭಾವ... ಭಾವನ ಫ್ರೆಂಡ್ಸ್ ಇಬ್ಬರು ಬಂದಿದ್ದಾರಂತೆ." ಅವನು ಕನ್ನಡಕ ತೆಗೆದು ಮಡಚಿದ. ದೀಪ ಆರಿತು. "ಸಾರಿ. ಕೇಳ್ಬೇಕಿತ್ತು."

"ಕೇಳಿದ್ದರೆ ನಿಮ್ಮ ಅಕ್ಕನ ಹತ್ತಿರ ನಾನೇ ಮಾತಾಡ್ತಿದ್ದೆ," ಎಂದು ಅವಳು ಒಳಗೆ ಹೋದಳು. ಕೋಣೆಯ ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಚಹಾ ಯಾರೂ ಕುಡಿಯಲಿಲ್ಲ. ಅವರು ಹೊರಟಾಗ ನಾನು ಚಪ್ಪಲಿ ಮೆಟ್ಟಿ ಲಿಫ್ಟಿನವರೆಗೆ ಹೋದೆ. "ರೆಕಾರ್ಡ್ ಆಗಿದ್ದರೆ ನನ್ನ ಎದುರೇ ಅಳಿಸಿ."

"ಇಲ್ಲ ಆಂಟಿ, ನೋಡಿ ಬೇಕಾದ್ರೆ," ಎಂದು ಹುಡುಗ ಫೋನು ತೆರೆದ. ತೆರೆದದ್ದೇ ಅವರ ಕುಟುಂಬದ ಗ್ರೂಪು. ತಟ್ಟೆ ಹಿಡಿದು ಬಾಗಿದ ನಮ್ಮ ಹುಡುಗಿ ಅಲ್ಲಿದ್ದಳು. ಅವನ ಅಕ್ಕ ಲೈವ್ ನೋಡುತ್ತಿದ್ದ ಪರದೆಯಿಂದಲೇ ಚಿತ್ರ ತೆಗೆದು ಅಲ್ಲಿಗೆ ಕಳಿಸಿಬಿಟ್ಟಿದ್ದಳು. ಕೆಳಗೆ ಕೆಂಪು ಹೃದಯಗಳು, "ಓಕೆ ಮಾಡು" ಎಂಬ ಸಲಹೆಗಳು. ಹುಡುಗನ ಮುಖದ ಬಣ್ಣ ಹೋಯಿತು. ಇದು ಅವನಿಗೆ ಗೊತ್ತಿರಲಿಲ್ಲ. ಅಲ್ಲೇ ಅಕ್ಕನಿಗೆ ಫೋನು ಮಾಡಿ ಗದರಿದ. ಚಿತ್ರ ನಮ್ಮ ಕಣ್ಣೆದುರೇ ಮಾಯವಾಯಿತು.

"ಅಷ್ಟರೊಳಗೆ ಯಾರಾದರೂ ಇಳಿಸಿಕೊಂಡಿದ್ದರೆ?"

"ಗೊತ್ತಿಲ್ಲ ಆಂಟಿ. ಒಬ್ಬೊಬ್ಬರಿಗೂ ಫೋನ್ ಮಾಡ್ತೇನೆ."

ಮರಳಿ ಬಂದಾಗ ಕೋಣೆಯ ಬಾಗಿಲು ತೆರೆದಿತ್ತು. "ಎಲ್ಲ ಸರಿಯಾಯ್ತು ಅಂತ ಹೇಳು," ಎಂದು ತಮ್ಮ ಪಿಸುಗುಟ್ಟಿದ. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.

"ಬೇಡ ಅಂತ ತಿಳಿಸಿ ಅಪ್ಪ," ಎಂದಳು ಅವಳು.

"ಹುಡುಗ ಸಾರಿ ಕೇಳಿದ್ನಲ್ಲ?"

"ಕೇಳಿದ್ರು. ಆದರೆ ನಾಳೆ ಬಸ್ಸಿನಲ್ಲಿ ಯಾರಾದ್ರೂ ನನ್ನನ್ನು ನೋಡಿದ್ರೆ, ಎಂತಕ್ಕೆ ನೋಡಿದ್ರು ಅಂತ ಯೋಚನೆ ಮಾಡುದು ನಾನಲ್ವಾ?"

ಮರುದಿನ ಅವಳು ಕೆಲಸಕ್ಕೆ ಹೊರಟಾಗ ನಾನೂ ಜೊತೆಗೆ ಹೊರಟೆ. ಅವಳು ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಎದುರು ಸೀಟಿನ ಒಬ್ಬ ಫೋನಿನಿಂದ ತಲೆಯೆತ್ತಿ ನಮ್ಮ ಕಡೆ ನೋಡಿದ. ಅವನು ಮತ್ತೆ ತಲೆ ತಗ್ಗಿಸುವವರೆಗೂ ನಾವಿಬ್ಬರೂ ಅವನನ್ನೇ ನೋಡುತ್ತಿದ್ದೆವು.