ದನಿ ಇಡಬ್ಯಾಡ್ರಿ

ಶಾಲೆ ಬಿಟ್ಟ ಹುಡುಗಿಯರ ಬಗ್ಗೆ ಸಂಶೋಧನೆಗೆ ಕೈಹಾಕಿದಾಗ ನಾನು ಹುಮನಾಬಾದಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಬಸವಕಲ್ಯಾಣ, ಅಲ್ಲಿಂದ ಟಂಟಂ ಆಟೋ ಹತ್ತಿ ಹಳ್ಳಿ, ಸಂಜೆ ಮತ್ತೆ ಅದೇ ದಾರಿ. ಎಷ್ಟೋ ದಿನ ಒಂದು ಪ್ರಶ್ನೆಯನ್ನೂ ಕೇಳದೆ ಮರಳಿ ಬಂದದ್ದುಂಟು.

ಶಾಲೆಗೆ ಹೋದರೆ ಹೆಡ್‌ಮಾಸ್ತರರು ಅನುಮತಿ ಪತ್ರ ಕೇಳುತ್ತಿದ್ದರು. ಪತ್ರ ತಂದ ದಿನ ಅವರೇ ಮೀಟಿಂಗಿಗೆ ಹೋಗಿರುತ್ತಿದ್ದರು. ಮನೆಗಳಿಗೆ ಹೋದರೆ ಬೀಗ. ತೊಗರಿ ರಾಶಿಯ ಕಾಲ, ಹೆಂಗಸರೆಲ್ಲ ಹೊಲದಲ್ಲಿ. ಯಾರಾದರೂ ಸಿಕ್ಕರೂ ನನ್ನ ಪ್ರಶ್ನೆಗಳೇ ಅಡ್ಡ ಬರುತ್ತಿದ್ದವು. "ಮಗಳ ಶಿಕ್ಷಣ ಸ್ಥಗಿತಗೊಳ್ಳಲು ಕಾರಣವೇನು?" ಎಂದು ಓದಿದರೆ ನನ್ನ ಮುಖ ನೋಡುತ್ತಾ ಕೂರುತ್ತಿದ್ದರು. "ಸಾಲಿ ಯಾಕ ಬಿಡಿಸಿದ್ರಿ?" ಎಂದರೆ ತಪ್ಪು ಹೊರಿಸಿದೆನೆಂದು ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಒಂದು ಊರಲ್ಲಿ, ಅದರ ಹೆಸರು ಬೇಡ, ಕುರಿ ಸಾಕುವವರ ಮನೆಗೆ ಹೋದೆ. ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಮನೆಯಲ್ಲಿ ಅತ್ತೆ, ಸೊಸೆ, ಸೊಸೆಯ ಶಾಲೆ ಬಿಟ್ಟ ಮಗಳು. ಮಗಳು ನೀರಿಗೆ ಹೋಗಿದ್ದಳು. ನಾನು ಸೊಸೆಯನ್ನು ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಕೊಟ್ಟರು.

"ಮನಿ ಕೆಲಸ ಯಾರ್ ಮಾಡಬೇಕ್ರಿ? ಅದಕ್ಕ ಬಿಡಿಸೀವಿ."

ಇಂಥ ಉತ್ತರ ಆಗಲೇ ಎಷ್ಟೋ ಮನೆಗಳಲ್ಲಿ ಕೇಳಿದ್ದೆ. ಬರೆದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯವರು ಕರೆದರೆಂದು ಅತ್ತೆ ಎದ್ದು ಹೋದರು. ಮೊಬೈಲಿನಲ್ಲಿ ರೆಕಾರ್ಡಿಂಗ್ ನಡೆದೇ ಇತ್ತು. ಸೊಸೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಕೆಲಸಕ್ಕ ಅಲ್ರಿ ಅಕ್ಕೋರ. ನಾನೇ ಬಿಡಿಸೀನಿ. ಅವರು ಕುರಿ ಹಿಂದ ಹೋದ್ರ ತಿಂಗಳಗಟ್ಟಲೆ ಬರಂಗಿಲ್ಲ. ಅತ್ತಿಗೂ ನನಗೂ ಮಾತಿಲ್ಲ. ಮಗಳು ಸಾಲಿಗೆ ಹೋದ್ರ ನನಗ ಹೊತ್ತೇ ಹೋಗ್ತಿದ್ದಿಲ್ಲ. ನನ್ನ ಜೋಡಿ ಒಬ್ಬಾಕಿ ಇರಲಿ ಅನಿಸ್ತು."

ನನ್ನ ಪ್ರಶ್ನಾವಳಿಯ ಯಾವ ಕಾರಣದ ಕೆಳಗೂ ಇದು ಬರುತ್ತಿರಲಿಲ್ಲ. ಆಕೆಯ ಕಣ್ಣು ಮೊಬೈಲಿನ ಮೇಲೆ ಬಿತ್ತು.

"ಇದು ಚಾಲೂ ಅದೇನ್ರಿ?"

"ಹೌದ್ರಿ."

"ಮಾತು ಬೇಕಾದ್ರ ಬರ್ಕೋರಿ, ಹೆಸರು ಹಾಕದ. ಆದ್ರ ದನಿ ಇಡಬ್ಯಾಡ್ರಿ. ದನಿ ಕೇಳಿದ್ರ ಊರಾಗ ಯಾರಿಗಾದ್ರೂ ಗುರ್ತ ಸಿಗ್ತದ. ನನ್ನ ಮಗಳಿಗಂತೂ ಸಿಗ್ತದ."

ಆಕೆಯ ಎದುರೇ ಅಳಿಸಿದೆ. ಆ ಚಳಿಗಾಲವೆಲ್ಲ ಅಲೆದು ನನಗೆ ಸಿಕ್ಕಿದ್ದ ಒಂದೇ ನಿಜವಾದ ಮಾತು ಅದು. ಬೆರಳು ಒಂದು ಗಳಿಗೆ ತಡೆದದ್ದು ಸುಳ್ಳಲ್ಲ.

ನನ್ನ ಮಾರ್ಗದರ್ಶಕರು ಒಳ್ಳೆಯವರೇ. ಎಲ್ಲ ಕೇಳಿ, "ಧ್ವನಿಮುದ್ರಣ ಇಲ್ಲದ ಸಂದರ್ಶನ ಪರೀಕ್ಷಕರು ಒಪ್ಪೋದಿಲ್ಲಮ್ಮ. ಅದನ್ನು ಬಿಟ್ಟು ಇನ್ನೊಂದು ಮನೆ ಹುಡುಕು" ಎಂದರು. ವಾದ ಮಾಡುವ ತ್ರಾಣ ಇರಲಿಲ್ಲ. ಪ್ರಬಂಧದಲ್ಲಿ ಆ ಮನೆ ಇಲ್ಲ.

ಬೇಸಿಗೆ ಬಂದ ಮೇಲೆ ಒಂದು ದಿನ ಬಸವಕಲ್ಯಾಣದ ಬಜಾರಿನಲ್ಲಿ ಆ ಸೊಸೆಯನ್ನೂ ಅವಳ ಮಗಳನ್ನೂ ಕಂಡೆ. ಬಳೆ ಅಂಗಡಿಯ ಮುಂದೆ ತಾಯಿ ಏನೋ ಹೇಳುತ್ತಿದ್ದಳು, ಮಗಳು ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿ ನಗುತ್ತಿದ್ದಳು. ತಾಯಿ ನನ್ನನ್ನು ನೋಡಿದಳು, ನಗು ನಿಂತಿತು. ಮಗಳ ಕೈ ಹಿಡಿದು ಬಳೆಗಳ ಕಡೆ ತಿರುಗಿದಳು. ನಾನು ಮಾತನಾಡಿಸಲಿಲ್ಲ. ನಾನು ಹೋಗಬೇಕಿದ್ದ ಇನ್ನೊಂದು ಹಳ್ಳಿ ಗೋರ್ಟಾದ ಟಂಟಂ ತುಂಬುತ್ತಿತ್ತು. ಹೋಗಿ ಹತ್ತಿ ಕುಳಿತೆ.